ಬಿಸಿಲಿನ ಬಲದ ಕಡಲನೀರು ಆರ್‌ಓ ಘಟಕ: ದೋಷ ಪತ್ತೆಹಚ್ಚುವ ಕೈಪಿಡಿ

ವಿದ್ಯುತ್ ಜಾಲ ತಲುಪದ ದ್ವೀಪದಲ್ಲೋ ಕರಾವಳಿಯ ಒಂಟಿ ಜನವಸತಿಯಲ್ಲೋ ಸೌರ ಪ್ಯಾನೆಲ್‌ಗಳ ವಿದ್ಯುತ್ತಿನಿಂದಲೇ ಕಡಲನೀರನ್ನು ಸಿಹಿನೀರಾಗಿಸುವ ಸಣ್ಣ ರಿವರ್ಸ್ ಆಸ್ಮೋಸಿಸ್ (ಆರ್‌ಓ: ಒತ್ತಡ ಹಾಕಿ ನೀರನ್ನು ಉಪ್ಪು ತಡೆಯುವ ತೆಳುಪೊರೆಯ, ಅಂದರೆ ಮೆಂಬ್ರೇನಿನ, ಮೂಲಕ ದಾಟಿಸುವ) ಘಟಕವನ್ನು ನೋಡಿಕೊಳ್ಳುವವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಬ್ಯಾಟರಿಯೇ ಇಲ್ಲದ ಅಥವಾ ಅಲ್ಪಸ್ವಲ್ಪ ಬ್ಯಾಟರಿ ಇರುವ, ಬಿಸಿಲು ಏರಿದಂತೆ ಪಂಪಿನ ವೇಗ ಏರುವ ಘಟಕವನ್ನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಗಾಜಿನ ಮುಚ್ಚಳದ ಕೆಳಗೆ ನೀರನ್ನು ಆವಿಯಾಗಿಸಿ ಹನಿಗೂಡಿಸುವ ಸೌರ ಬಟ್ಟಿಯ ವಿಷಯವನ್ನು ಸೇರಿಸಿಲ್ಲ. ಅದು ಚದರ ಮೀಟರಿಗೆ ದಿನಕ್ಕೆ 3ರಿಂದ 5 ಲೀಟರ್‌ನಷ್ಟು ಮಾತ್ರ ನೀರು ಕೊಡುತ್ತದೆ, ಆದರೆ ಅದರಲ್ಲಿ ಕೆಡುವಂಥದ್ದೂ ಹೆಚ್ಚೇನಿಲ್ಲ.

ದೂರದ ಜಾಗದಲ್ಲಿ ದೋಷಕ್ಕಿಂತ ತಪ್ಪು ನಿರ್ಣಯವೇ ಹೆಚ್ಚು ದುಬಾರಿ. ಬಿಡಿಭಾಗ ಬರಲು ವಾರಗಟ್ಟಲೆ ಕಾಯಬೇಕಾದ ಕಡೆ, ನೀರು ಕಡಿಮೆಯಾಯಿತೆಂದು ಒಳ್ಳೆಯ ಮೆಂಬ್ರೇನನ್ನೇ ಹೊರಗೆಳೆದು, ಆ ಗಡಿಬಿಡಿಯಲ್ಲಿ ಓ-ರಿಂಗ್ (ಜೋಡಣೆಯಲ್ಲಿ ಸೋರದಂತೆ ತಡೆಯುವ ರಬ್ಬರ್ ಬಳೆ) ಹರಿದು, ಇಲ್ಲದ ದೋಷವೊಂದನ್ನು ಕೈಯಾರೆ ತಂದುಕೊಳ್ಳುವುದು ಅಪರೂಪವೇನಲ್ಲ. ಆದ್ದರಿಂದ ಇಲ್ಲಿನ ಕ್ರಮ ಬಿಸಿಲಿನಿಂದ ಶುರುವಾಗಿ ಪ್ಯಾನೆಲ್, ಡ್ರೈವ್ (ಪ್ಯಾನೆಲ್ಲಿನ ವಿದ್ಯುತ್ತನ್ನು ಪಂಪಿನ ಮೋಟರಿಗೆ ಹೊಂದಿಸಿ ಕೊಡುವ ನಿಯಂತ್ರಕ), ಪಂಪ್, ಫಿಲ್ಟರ್‌ಗಳನ್ನು ದಾಟಿ ಕೊನೆಗೆ ಮೆಂಬ್ರೇನಿಗೆ ಬರುತ್ತದೆ. ಮೆಂಬ್ರೇನಿನ ಮೇಲೆ ಅನುಮಾನ ಕೊನೆಗೇ ಬರಲಿ.

ಬಿಚ್ಚುವ ಮುನ್ನ ಹೋಲಿಕೆ

ಜಾಲದ ವಿದ್ಯುತ್ತಿನಲ್ಲಿ ನಡೆಯುವ ಘಟಕದ ಒತ್ತಡ ದಿನವಿಡೀ ಒಂದೇ ಮಟ್ಟದಲ್ಲಿರುತ್ತದೆ. ಸೌರ ಘಟಕದ ಒತ್ತಡ ಗಂಟೆಗೊಮ್ಮೆ ಬದಲಾಗುತ್ತದೆ. ಈ ಒಂದು ವ್ಯತ್ಯಾಸವನ್ನು ಮರೆತರೆ ದೋಷವಲ್ಲದ್ದೆಲ್ಲ ದೋಷದಂತೆ ಕಾಣುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರುವ ಕಡಲನೀರಿನ ಆಸ್ಮಾಟಿಕ್ ಒತ್ತಡ, ಅಂದರೆ ಸಿಹಿನೀರನ್ನು ಹಿಂಡಿ ತೆಗೆಯಲು ಮೊದಲು ಮೀರಬೇಕಾದ ಒತ್ತಡ, ಸುಮಾರು 27 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು). ಒಳಹೋದ ನೀರಿನಲ್ಲಿ ಶೇ 30ರಷ್ಟು ಸಿಹಿನೀರಾಗಿ ಹೊರಬಂದರೆ ಉಳಿದ ರಿಜೆಕ್ಟ್ ನೀರಿನಲ್ಲಿ ಲೀಟರಿಗೆ 50 ಗ್ರಾಂ ಉಪ್ಪು ಕೂಡಿರುತ್ತದೆ, ಅದರ ಆಸ್ಮಾಟಿಕ್ ಒತ್ತಡ 39 ಬಾರಿನ ಆಸುಪಾಸಿಗೆ ಏರುತ್ತದೆ. ಅಂದರೆ ಮೆಂಬ್ರೇನಿನ ಉದ್ದಕ್ಕೂ ಸರಾಸರಿ 33 ಬಾರ್‌ನಷ್ಟು ಒತ್ತಡ ಉಪ್ಪನ್ನು ಎದುರಿಸುವುದಕ್ಕೇ ಖರ್ಚಾಗುತ್ತದೆ; ಪಂಪ್ 55 ಬಾರ್ ಕೊಟ್ಟರೂ ನೀರನ್ನು ತಳ್ಳಲು ಉಳಿಯುವುದು 22 ಬಾರ್ ಮಾತ್ರ. ಮೋಡ ಬಂದು ಒತ್ತಡ 50 ಬಾರಿಗೆ ಇಳಿದರೆ ಆ 22 ಎಂಬುದು 17 ಆಗುತ್ತದೆ. ಗೇಜಿನಲ್ಲಿ ಶೇ 10ಕ್ಕಿಂತ ಕಡಿಮೆ ಇಳಿತ, ನೀರಿನಲ್ಲಿ ಹತ್ತಿರ ಹತ್ತಿರ ಕಾಲುಭಾಗದ ಇಳಿತ! ಈ ಲೆಕ್ಕ ಗೊತ್ತಿಲ್ಲದವರು ಆ ದಿನವೇ ಮೆಂಬ್ರೇನ್ ಕೆಟ್ಟಿತೆಂದು ನಿರ್ಧರಿಸುತ್ತಾರೆ.

ತಾಪಮಾನದ ಪರಿಣಾಮವೂ ಸಣ್ಣದಲ್ಲ. ನೀರು ಒಂದು ಡಿಗ್ರಿ ತಣ್ಣಗಾದರೆ ಸಿಹಿನೀರಿನ ಪ್ರಮಾಣ ಸುಮಾರು ಶೇ 3ರಷ್ಟು ಇಳಿಯುತ್ತದೆ. ಘಟಕ ಹೊಸದಾಗಿದ್ದಾಗ 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಗಂಟೆಗೆ 300 ಲೀಟರ್ ಕೊಡುತ್ತಿದ್ದು, ಈಗ ಅದೇ ಒತ್ತಡದಲ್ಲಿ 22 ಡಿಗ್ರಿ ನೀರಿನಲ್ಲಿ 250 ಲೀಟರ್ ಕೊಡುತ್ತಿದ್ದರೆ ಏನೂ ಕೆಟ್ಟಿಲ್ಲ. ಆರು ಡಿಗ್ರಿಯ ಇಳಿತವೇ ಆ 50 ಲೀಟರನ್ನು ನುಂಗಿದೆ. ಇದಕ್ಕೆ ತಿರುಗುಮುರುಗಾಗಿ, ನೀರು ಬೆಚ್ಚಗಾದಾಗ ಸಿಹಿನೀರು ಹೆಚ್ಚು ಬರುತ್ತದೆ, ಅದರೊಡನೆ ಉಪ್ಪೂ ಹೆಚ್ಚು ದಾಟುತ್ತದೆ.

ಆದ್ದರಿಂದ ಪ್ರತಿದಿನ ಒಂದೇ ಹೊತ್ತಿನಲ್ಲಿ, ಬಿಸಿಲು ಸ್ಥಿರವಾಗಿರುವಾಗ, ಏಳು ಅಂಕಿಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು: ಕಡಲನೀರಿನ ತಾಪಮಾನ, ಅದರ ವಾಹಕತೆ (ಉಪ್ಪಿನಂಶವನ್ನು ತಿಳಿಸುವ ವಿದ್ಯುತ್ ಅಳತೆ), ಮೆಂಬ್ರೇನಿನ ಒಳಬಾಯಿಯ ಒತ್ತಡ, ರಿಜೆಕ್ಟ್ ಬಾಯಿಯ ಒತ್ತಡ, ಸಿಹಿನೀರಿನ ಹರಿವು, ರಿಜೆಕ್ಟ್ ಹರಿವು ಮತ್ತು ಸಿಹಿನೀರಿನ ವಾಹಕತೆ. ಹೊಸ ಘಟಕದ ಮೊದಲ ವಾರದ ಅಂಕಿಗಳೇ ಮುಂದಿನ ಎಲ್ಲ ಹೋಲಿಕೆಗೆ ಆಧಾರ. ಆ ವಾರದ ದಾಖಲೆ ಇಲ್ಲದ ಘಟಕದಲ್ಲಿ ದೋಷ ಹುಡುಕುವುದು ಜ್ವರಮಾಪಕವಿಲ್ಲದೆ ಜ್ವರ ಹೇಳಿದಂತೆ. ಹೇಳಬಹುದು, ಒಪ್ಪಿಸುವುದು ಕಷ್ಟ.

ಹರಿವಿನ ಮೀಟರುಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬಕೆಟ್ ಮತ್ತು ಗಡಿಯಾರ ಸಾಕು. ಸಿಹಿನೀರು ಮತ್ತು ರಿಜೆಕ್ಟ್ ನೀರನ್ನು ಬೇರೆ ಬೇರೆಯಾಗಿ ಅಳೆದು ಕೂಡಿಸಿದಾಗ ಒಳಹೋಗುವ ನೀರಿನ ಅಳತೆಗೆ ಅದು ಹೊಂದಬೇಕು. ಒತ್ತಡದ ಗೇಜುಗಳದೂ ಇದೇ ಕಥೆ: ಘಟಕ ನಿಂತಿರುವಾಗ ಮುಳ್ಳು ಸೊನ್ನೆಗೆ ಮರಳದಿದ್ದರೆ, ಅಥವಾ ಗೇಜಿನ ಬಾಯಲ್ಲಿ ಉಪ್ಪು ಹರಳುಗಟ್ಟಿದ್ದರೆ, ಮುಂದಿನ ಎಲ್ಲ ತರ್ಕವೂ ಸುಳ್ಳಿನ ಮೇಲೆ ನಿಲ್ಲುತ್ತದೆ.

ಎರಡು ಎಚ್ಚರಿಕೆ

ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್‌ಗಳನ್ನು ಆರಿಸಲು ಸಾಧ್ಯವಿಲ್ಲ. ಸ್ವಿಚ್ ತೆಗೆದರೂ ಸ್ವಿಚ್ಚಿನ ತನಕ ನೂರಾರು ವೋಲ್ಟ್ ನೇರ ವಿದ್ಯುತ್ ನಿಂತಿರುತ್ತದೆ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಹುಟ್ಟುವ ಕಿಡಿ, ಮನೆಯ ಪರ್ಯಾಯ ವಿದ್ಯುತ್ತಿನ ಕಿಡಿಯಂತೆ ತಾನಾಗಿ ಆರುವುದಿಲ್ಲ. ಮೊದಲು ಡ್ರೈವ್ ನಿಲ್ಲಿಸಿ, ನಂತರ ಐಸೊಲೇಟರ್ ತೆಗೆದು, ಕರೆಂಟ್ ಸೊನ್ನೆಯಾಗಿದೆ ಎಂದು ಕ್ಲಾಂಪ್ ಮೀಟರಿನಲ್ಲಿ ನೋಡಿದ ಮೇಲಷ್ಟೇ ಕೈಹಾಕಬೇಕು. ನೀರಿನ ಕಡೆ, 60 ಬಾರ್ ಒತ್ತಡದ ಸೂಜಿಮೊನೆಯ ಸೋರಿಕೆ ಚರ್ಮವನ್ನೇ ಸೀಳಬಲ್ಲದು. ಸೋರುವ ಜಾಗವನ್ನು ಬೆರಳಿನಿಂದ ಹುಡುಕಬಾರದು, ಗೇಜ್ ಸೊನ್ನೆಗೆ ಬರುವವರೆಗೆ ಯಾವ ನಟ್ಟನ್ನೂ ಸಡಿಲಿಸಬಾರದು.

ಯಾವ ಹೊತ್ತಿನಲ್ಲಿ ನಿಂತಿತು?

ಘಟಕ ತಾನಾಗಿ ನಿಲ್ಲುತ್ತಿದ್ದರೆ ಡ್ರೈವಿನ ಎರರ್ ಕೋಡ್ ನೋಡುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಸೂರ್ಯನೊಂದಿಗೆ ಏಳುವ ಯಂತ್ರದಲ್ಲಿ ದೋಷಕ್ಕೂ ಒಂದು ಹೊತ್ತು ಇರುತ್ತದೆ.

ಬೆಳಗಿನ ಇಬ್ಬನಿ ಆರುವ ತನಕ ಇನ್‌ಸುಲೇಷನ್ ಅಥವಾ ಅರ್ಥ್ ಸೋರಿಕೆಯ ಎಚ್ಚರಿಕೆ ಬಂದು, ಹೊತ್ತೇರಿದ ಮೇಲೆ ಎಲ್ಲವೂ ಸರಿಹೋಗುತ್ತಿದ್ದರೆ, ಎಲ್ಲೋ ತೇವ ಮತ್ತು ಉಪ್ಪು ಸೇರಿ ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಟ್ಟಿವೆ ಎಂದರ್ಥ. ಕೇಬಲ್ಲಿನ ಹೊದಿಕೆ ಚೌಕಟ್ಟಿಗೆ ಉಜ್ಜಿ ಸವೆದಿರಬಹುದು, ಪ್ಯಾನೆಲ್ಲಿನ ಹಿಂಬದಿಯ ಜಂಕ್ಷನ್ ಬಾಕ್ಸ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಕನೆಕ್ಟರ್ ನೆಲದ ತೇವದಲ್ಲಿ ಬಿದ್ದಿರಬಹುದು. ಮಧ್ಯಾಹ್ನ ಹುಡುಕಿದರೆ ಇದು ಸಿಗುವುದಿಲ್ಲ. ಎಚ್ಚರಿಕೆ ಇರುವ ಹೊತ್ತಿನಲ್ಲೇ ಪ್ಯಾನೆಲ್ ಸಾಲುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಯಾವುದನ್ನು ತೆಗೆದಾಗ ಎಚ್ಚರಿಕೆ ಹೋಗುತ್ತದೆ ಎಂದು ನೋಡಬೇಕು. ಮಧ್ಯಾಹ್ನ ಸರಿಹೋಗುತ್ತದಲ್ಲ ಎಂದು ಎಚ್ಚರಿಕೆಯನ್ನೇ ಡ್ರೈವಿನಲ್ಲಿ ಬಂದ್ ಮಾಡುವುದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಕೆಟ್ಟ ರಿಪೇರಿ ಬೇರೊಂದಿಲ್ಲ.

ಎಳೆಬಿಸಿಲಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ವೋಲ್ಟೇಜ್ ಸಾಲದೆಂದು ನಿಲ್ಲುವುದು ಬಹುಮಟ್ಟಿಗೆ ಸಹಜ. ಆದರೆ ಹಿಂದೆ ಬೇಗ ಶುರುವಾಗುತ್ತಿದ್ದ ಘಟಕ ಈಗ ತಡವಾಗಿ ಏಳುತ್ತಿದ್ದರೆ ಪ್ಯಾನೆಲ್‌ಗಳನ್ನು ನೋಡಬೇಕು. ಇಲ್ಲಿ ಬಹಳ ಮಂದಿ ಎಡವುವ ಒಂದು ಅಂಶವಿದೆ: ಪ್ಯಾನೆಲ್ಲಿನ ಖಾಲಿ ವೋಲ್ಟೇಜ್ ಮಂದ ಬೆಳಕಿನಲ್ಲೂ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ, ಕರೆಂಟ್ ಮಾತ್ರ ಬೆಳಕಿಗೆ ತಕ್ಕಷ್ಟು ಇಳಿಯುತ್ತದೆ. ಹೀಗಾಗಿ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿದೆ ಎಂಬ ಮಾತ್ರಕ್ಕೆ ಆ ಸಾಲು ಕೆಲಸ ಮಾಡುತ್ತಿದೆ ಎಂದಾಗುವುದಿಲ್ಲ. ಘಟಕ ನಡೆಯುತ್ತಿರುವಾಗ, ಒಂದೇ ನಿಮಿಷದೊಳಗೆ, ಪ್ರತಿ ಸಾಲಿನ ಕರೆಂಟನ್ನು ಕ್ಲಾಂಪ್ ಮೀಟರಿನಲ್ಲಿ ಅಳೆದು ಹೋಲಿಸಬೇಕು. ಒಂದು ಸಾಲು ಉಳಿದವಕ್ಕಿಂತ ಎದ್ದುಕಾಣುವಷ್ಟು ಹಿಂದಿದ್ದರೆ ಅದರ ಮೇಲೆ ನೆರಳು, ಕೊಳೆ, ಹಕ್ಕಿಯ ಹಿಕ್ಕೆ ಇದೆಯೇ ಎಂದೂ, ಕನೆಕ್ಟರುಗಳಲ್ಲಿ ಯಾವುದಾದರೂ ಬಣ್ಣಗೆಟ್ಟು ಕರಗಿದಂತಿದೆಯೇ ಎಂದೂ ನೋಡಬೇಕು. ಒಂದು ಪ್ಯಾನೆಲ್ಲಿನ ವೋಲ್ಟೇಜ್ ಅದರ ಜೊತೆಯವಕ್ಕಿಂತ ಮೂರನೇ ಒಂದರಷ್ಟು ಕಡಿಮೆ ಇದ್ದರೆ, ನೆರಳಾದ ಭಾಗವನ್ನು ಬಳಸಿ ವಿದ್ಯುತ್ತನ್ನು ಹಾಯಿಸುವ ಅದರ ಮೂರು ಬೈಪಾಸ್ ಡಯೋಡುಗಳಲ್ಲಿ ಒಂದು ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಕಡಲಗಾಳಿಯ ಉಪ್ಪು ಗಾಜಿನ ಮೇಲೆ ತೆಳುಪದರವಾಗಿ ಕೂರುತ್ತದೆ, ದೂರದಿಂದ ಕಾಣುವುದೂ ಇಲ್ಲ. ಅದನ್ನು ಗಾಜು ತಣ್ಣಗಿರುವ ಮುಂಜಾನೆಯಲ್ಲಿ ಸಿಹಿನೀರಿನಿಂದಲೇ ತೊಳೆಯಬೇಕು. ಮಾಡಿದ ಸಿಹಿನೀರನ್ನು ಪ್ಯಾನೆಲ್ಲಿಗೆ ಸುರಿಯಲು ಮನಸ್ಸು ಒಪ್ಪದಿದ್ದರೂ ಅದು ದಂಡವಲ್ಲ.

ನಡುಹಗಲು ದಾಟಿದ ಮೇಲೆ, ಬಿಸಿಲು ಧಾರಾಳವಾಗಿರುವಾಗಲೇ ನಿಲ್ಲುತ್ತಿದ್ದರೆ ಕಾರಣ ಶಾಖ. ಡ್ರೈವ್ ಇರುವ ಪೆಟ್ಟಿಗೆಯ ಫ್ಯಾನ್ ಉಪ್ಪು ಹಿಡಿದು ನಿಂತಿರಬಹುದು, ಗಾಳಿಯ ಜಾಲರಿ ಕಟ್ಟಿಕೊಂಡಿರಬಹುದು, ಅಥವಾ ಪೆಟ್ಟಿಗೆಯ ಮೇಲೆ ನೇರ ಬಿಸಿಲು ಬೀಳುತ್ತಿರಬಹುದು. ಪ್ಯಾನೆಲ್‌ಗಳೂ ಶಾಖಕ್ಕೆ ಸೋಲುತ್ತವೆ: 25 ಡಿಗ್ರಿಯ ಲೆಕ್ಕದಲ್ಲಿ ಬರೆದ ವ್ಯಾಟ್, ಪ್ರತಿ ಡಿಗ್ರಿ ಏರಿಕೆಗೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಗಾಜಿನಡಿಯ ಸೆಲ್ 60 ಡಿಗ್ರಿ ಮುಟ್ಟಿದಾಗ ಶೇ 10ಕ್ಕೂ ಮೀರಿದ ಖೋತಾ ಇದ್ದೇ ಇರುತ್ತದೆ, ಅದು ದೋಷವಲ್ಲ. ಇದರ ಮಗ್ಗುಲು ಬದಲಿಸಿದ ದೋಷವೂ ಉಂಟು. ಚಳಿಯ ಶುಭ್ರ ಬೆಳಗಿನಲ್ಲಿ ಪ್ಯಾನೆಲ್ ವೋಲ್ಟೇಜ್ ಹೆಚ್ಚಾಗಿ, ಡ್ರೈವ್ ಅತಿವೋಲ್ಟೇಜ್ ಎಂದು ನಿಂತರೆ, ಸಾಲಿನಲ್ಲಿ ಪ್ಯಾನೆಲ್‌ಗಳ ಸಂಖ್ಯೆಯೇ ಹೆಚ್ಚಾಗಿದೆ.

ಮೋಡ ಕವಿದಾಗ ನಿಂತು ಮೋಡ ಸರಿದಾಗ ಏಳುವುದು ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಡೆದರೆ ಡ್ರೈವಿನ ಮರುಆರಂಭದ ಕಾಲಾವಧಿಯನ್ನು ಹೆಚ್ಚಿಸಬೇಕು. ಪ್ರತಿ ಸಲ ಏಳುವಾಗಲೂ ಮೆಂಬ್ರೇನಿಗೆ ಒಂದು ಗುದ್ದು ಬೀಳುತ್ತದೆ. ಒತ್ತಡ ಸೆಕೆಂಡಿಗೆ 0.7 ಬಾರಿಗಿಂತ ವೇಗವಾಗಿ ಏರಬಾರದೆಂಬುದು ಮೆಂಬ್ರೇನ್ ತಯಾರಕರ ಸಾಮಾನ್ಯ ಸೂಚನೆ. ಒಂದಿಷ್ಟು ನೀರು ಕಡಿಮೆ ಸಿಕ್ಕರೂ ಪರವಾಗಿಲ್ಲ, ಚಂಚಲ ಬಿಸಿಲಿನ ದಿನ ಘಟಕವನ್ನು ಸ್ಥಿರವಾದ ಕಡಿಮೆ ವೇಗದಲ್ಲಿ ನಡೆಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪಂಪ್ ತಿರುಗುತ್ತದೆ, ಒತ್ತಡ ಏರುವುದಿಲ್ಲ

ವೈರಿಂಗ್ ಮುಟ್ಟಿದ ನಂತರ ಈ ತೊಂದರೆ ಶುರುವಾಗಿದ್ದರೆ ಮೋಟರ್ ಹಿಮ್ಮುಖವಾಗಿ ತಿರುಗುತ್ತಿದೆಯೇ ನೋಡಿ. ಮೂರು ಫೇಸಿನಲ್ಲಿ ಎರಡು ಅದಲುಬದಲಾದರೆ ಸಾಕು. ಸೆಂಟ್ರಿಫ್ಯೂಗಲ್ ಪಂಪ್ ಹಿಮ್ಮುಖವಾಗಿಯೂ ಅಷ್ಟಿಷ್ಟು ನೀರೆತ್ತಿ ನಮ್ಮನ್ನು ಮೋಸಗೊಳಿಸುತ್ತದೆ. ಪಿಸ್ಟನ್ ಪಂಪಿಗೆ ಹಿಮ್ಮುಖ ತಿರುಗುವಿಕೆ ಹಾನಿಯನ್ನೇ ಮಾಡಬಹುದು.

ಮುಂದಿನದು ಪಂಪಿನ ಒಳಬಾಯಿ. ಕಾರ್ಟ್ರಿಜ್ ಫಿಲ್ಟರಿನ ಮುಂದಿನ ಮತ್ತು ಹಿಂದಿನ ಗೇಜುಗಳ ನಡುವೆ ಸುಮಾರು 1 ಬಾರ್ ವ್ಯತ್ಯಾಸ ಬಂದಿದ್ದರೆ 5 ಮೈಕ್ರಾನ್ ಕಾರ್ಟ್ರಿಜ್ ಬದಲಿಸುವ ಕಾಲ ಬಂದಿದೆ. ಅದನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಬಿಡಿಸಿಕೊಂಡ ಎಳೆಗಳು ನೇರವಾಗಿ ಮೆಂಬ್ರೇನಿಗೆ ಹೋಗುತ್ತವೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳುತ್ತಿದ್ದರೆ ಅದು ನೀರು ಸಾಲದೆ ಗುಳ್ಳೆಗಳು ಒಡೆಯುವ ಸದ್ದು, ಒಡನೆಯೇ ನಿಲ್ಲಿಸಬೇಕು. ಕಡಲಿನಲ್ಲಿರುವ ಜಾಲರಿಗೆ ಚಿಪ್ಪುಜೀವಿಗಳು ಮೆತ್ತಿರಬಹುದು, ಫುಟ್ ವಾಲ್ವ್ ಹಿಡಿಯದಿರಬಹುದು, ಎಳೆಯುವ ಕೊಳವೆಯಲ್ಲಿ ಗಾಳಿ ಸೇರುತ್ತಿರಬಹುದು. ಈ ಕೊನೆಯದನ್ನು ಕಂಡುಹಿಡಿಯುವುದು ಕಷ್ಟ, ಏಕೆಂದರೆ ಎಳೆಯುವ ಬದಿಯ ತೂತಿನಿಂದ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ತೂತಿರುವ ಕಡೆ ನೊರೆ ಒಳಗೆ ಸೇದಿಹೋಗುವುದು ಕಾಣುತ್ತದೆ.

ಒಳಬಾಯಿ ಸರಿಯಿದ್ದರೆ ಹೊರಬಾಯಿಗೆ ಬನ್ನಿ. ರಿಜೆಕ್ಟ್ ವಾಲ್ವಿನ ಸೀಟು ವರ್ಷಗಳ ಕಾಲ ಹರಿದ ನೀರಿನಿಂದ ಸವೆದಿದ್ದರೆ ಪೂರ್ತಿ ತಿರುಗಿಸಿದರೂ ಒತ್ತಡ ನಿಲ್ಲುವುದಿಲ್ಲ. ಸುರಕ್ಷತಾ ವಾಲ್ವಿನ ಹೊರಕೊಳವೆಯಲ್ಲಿ ನೀರು ಹರಿಯುತ್ತಿದ್ದರೆ ಅದೇ ಸೋರುತ್ತಿದೆ. ಮೂರು ಪ್ಲಂಜರ್ ಇರುವ ಪಂಪಿನಲ್ಲಿ ಗೇಜಿನ ಮುಳ್ಳು ತಾಳ ಹಿಡಿದಂತೆ ನಡುಗುತ್ತಾ ಹರಿವು ಮೂರನೇ ಒಂದರಷ್ಟು ಇಳಿದಿದ್ದರೆ ಒಂದು ಪ್ಲಂಜರಿನ ಚೆಕ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿದೆ. ನಟ್ಟು, ವಾಲ್ವ್ ಬದಲಿಸುವಾಗ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಸಾಕೆಂದುಕೊಳ್ಳಬೇಡಿ. 316 ದರ್ಜೆಯದೂ ನಿಂತ ಕಡಲನೀರಿನಲ್ಲಿ ಸೂಜಿ ಚುಚ್ಚಿದಂತೆ ತೂತು ಬೀಳುತ್ತದೆ, ಹೆಚ್ಚಿನ ಒತ್ತಡದ ಕಡೆ ಸೂಪರ್ ಡ್ಯೂಪ್ಲೆಕ್ಸ್ ಎಂಬ, ಉಪ್ಪಿಗೆ ಹೆಚ್ಚು ತಡೆಯುವ ಸ್ಟೀಲ್ ಬೇಕು.

ನೀರು ಕಡಿಮೆಯಾಗಿದೆ

ಒತ್ತಡ, ತಾಪಮಾನ, ಉಪ್ಪಿನಂಶಗಳನ್ನು ಸರಿದೂಗಿಸಿ ಹೋಲಿಸಿದ ಮೇಲೂ ನೀರು ಶೇ 10ರಷ್ಟು ಕಡಿಮೆ ಇದ್ದರೆ ಮಾತ್ರ ಮೆಂಬ್ರೇನ್ ಕಟ್ಟಿಕೊಂಡಿದೆ ಎನ್ನಬಹುದು. ಸಿಹಿನೀರಿನ ಪಾಲು ನಿಗದಿಯಾಗಿರುವ, ರಿಜೆಕ್ಟ್ ನೀರಿನ ಒತ್ತಡವನ್ನು ಮರಳಿ ಬಳಸುವ ಘಟಕಗಳಲ್ಲಿ ಚಿತ್ರ ಬೇರೆ: ಅಲ್ಲಿ ನೀರು ಕಡಿಮೆಯಾಗುವುದಿಲ್ಲ, ಅಷ್ಟೇ ನೀರಿಗೆ ಒತ್ತಡ ಏರುತ್ತಾ ಹೋಗುತ್ತದೆ. ಇಂಥ ಘಟಕದಲ್ಲಿ ಮರುಬಳಕೆಯ ಸಾಧನವೇ ಒಳಗೊಳಗೆ ಸೋರಿ ರಿಜೆಕ್ಟ್ ನೀರನ್ನು ಒಳಹರಿವಿಗೆ ಬೆರೆಸುತ್ತಿರಬಹುದು. ಮೆಂಬ್ರೇನಿನ ಒಳಬಾಯಿಯ ನೀರಿನ ವಾಹಕತೆಯನ್ನು ಕಡಲನೀರಿನದರೊಂದಿಗೆ ಹೋಲಿಸಿದರೆ ಇದು ಬಯಲಾಗುತ್ತದೆ. ಶೇ 2-3ರಷ್ಟು ಹೆಚ್ಚಿರುವುದು ಈ ಸಾಧನಗಳಿಗೆ ಸಹಜ. ಅದನ್ನು ಬಹಳ ಮೀರಿದ್ದರೆ ಮೆಂಬ್ರೇನಿಗೆ ನಿರಪರಾಧಿ ಎಂದು ತೀರ್ಪು ಕೊಡಬಹುದು.

ನಿಜವಾಗಿಯೂ ಕಟ್ಟಿಕೊಂಡಿದ್ದರೆ ಕಟ್ಟಿದ್ದು ಏನು ಎಂಬುದನ್ನು ಕಾರ್ಟ್ರಿಜ್ ಫಿಲ್ಟರ್ ಹೇಳುತ್ತದೆ. ಅದರ ಹೊರಮೈ ಬೆರಳಿಗೆ ಲೋಳೆಯಾಗಿ ಹತ್ತಿ ಕೊಳೆತ ವಾಸನೆ ಬಂದರೆ ಜೀವಾಣುಗಳು. ತರಿತರಿಯಾಗಿದ್ದರೆ ಮರಳು, ಹೂಳು. ಕೆಂಗಂದು ಬಣ್ಣವಿದ್ದರೆ ಕಬ್ಬಿಣ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ದಂಡೆಯ ಬಾವಿಯಿಂದ ಬರುವ ಗಂಧಕದ ಸಂಯುಕ್ತಗಳು. ಒಣಗಿದ ಗಸಿಯ ಮೇಲೆ ಒಂದು ಹನಿ ಆಮ್ಲ ಹಾಕಿದಾಗ ನೊರೆಯೆದ್ದರೆ ಸುಣ್ಣದ ಕಾರ್ಬೊನೇಟ್. ಆದರೆ ಒಳಹೋದ ನೀರಿನ ಶೇ 30-40ರಷ್ಟನ್ನು ಸಿಹಿನೀರಾಗಿಸುವ ಕಡಲನೀರಿನ ಘಟಕದಲ್ಲಿ ಸುಣ್ಣಗಟ್ಟುವುದು ಅಪರೂಪ. ಬೋರ್‌ವೆಲ್ ಗಡಸುನೀರಿನ ಆರ್‌ಓ ನೋಡಿ ರೂಢಿಯಾದವರು ಮೊದಲು ಸುಣ್ಣವನ್ನೇ ಅನುಮಾನಿಸುತ್ತಾರೆ. ಇಲ್ಲಿ ಲೋಳೆಯನ್ನು ಮೊದಲು ಅನುಮಾನಿಸಬೇಕು. ಲೋಳೆ ಕಟ್ಟಿದಾಗ ಮೆಂಬ್ರೇನಿನ ಒಳಬಾಯಿಗೂ ರಿಜೆಕ್ಟ್ ಬಾಯಿಗೂ ನಡುವಿನ ಒತ್ತಡದ ವ್ಯತ್ಯಾಸ ಬೇಗ ಏರುತ್ತದೆ, ಸಿಹಿನೀರಿನ ಗುಣ ಮಾತ್ರ ಬಹುಕಾಲ ಚೆನ್ನಾಗಿಯೇ ಉಳಿಯುತ್ತದೆ.

ಒಳಬರುವ ನೀರು ಎಷ್ಟು ಕೊಳಕಾಗಿದೆ ಎಂದು ಅಳೆಯಲು ಹೂಳು ಸಾಂದ್ರತೆಯ ಸೂಚ್ಯಂಕ, ಅಂದರೆ ಎಸ್‌ಡಿಐ ಪರೀಕ್ಷೆ ಸಾಕು. ಕಾರ್ಟ್ರಿಜ್ ದಾಟಿದ ನೀರನ್ನು ಸುಮಾರು 2.1 ಬಾರ್ ಒತ್ತಡದಲ್ಲಿ 0.45 ಮೈಕ್ರಾನ್ ಹಾಳೆಯ ಮೂಲಕ ಹರಿಸಿ, ಮೊದಲ 500 ಮಿಲಿಲೀಟರ್ ತುಂಬಲು ಹಿಡಿದ ಸಮಯವನ್ನೂ, ಹದಿನೈದು ನಿಮಿಷ ಹರಿದ ನಂತರ ಅಷ್ಟೇ ನೀರಿಗೆ ಹಿಡಿದ ಸಮಯವನ್ನೂ ಬರೆದುಕೊಳ್ಳಬೇಕು. ಮೊದಲು 30 ಸೆಕೆಂಡ್, ಆಮೇಲೆ 75 ಸೆಕೆಂಡ್ ಆಯಿತೆನ್ನಿ. 30ನ್ನು 75ರಿಂದ ಭಾಗಿಸಿದರೆ 0.4, ಒಂದರಿಂದ ಕಳೆದರೆ 0.6, ಅಂದರೆ ಶೇ 60. ಅದನ್ನು 15 ನಿಮಿಷದಿಂದ ಭಾಗಿಸಿದರೆ ಸೂಚ್ಯಂಕ 4. ಇದು 5ನ್ನು ಮೀರಬಾರದು, 3ರ ಒಳಗಿದ್ದರೆ ಮೆಂಬ್ರೇನ್ ನೆಮ್ಮದಿಯಾಗಿರುತ್ತದೆ. ಮಳೆಗಾಲದಲ್ಲಿ ನದೀಮುಖದ ಹತ್ತಿರ ಈ ಅಂಕಿ ಒಮ್ಮೆಲೇ ಏರುವುದುಂಟು; ಅದೇ ಹೊತ್ತಿಗೆ ನೀರಿನ ಉಪ್ಪು ಇಳಿದು ಸಿಹಿನೀರು ಹೆಚ್ಚುವುದರಿಂದ ಕಟ್ಟಿಕೊಳ್ಳುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ನೀರು ಉಪ್ಪಾಗಿದೆ

ಜನ ಮೊದಲು ದೂರುವುದು ಇದನ್ನೇ, ನಿರ್ಣಯದಲ್ಲಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಮೀಟರಿನ ಪ್ರೋಬನ್ನು ತೊಳೆದು, ಗೊತ್ತಿರುವ ದ್ರಾವಣದಲ್ಲಿ ಪರೀಕ್ಷಿಸುವುದು ಮೊದಲ ಕೆಲಸ. ಕಡಲನೀರಿನ ವಾಹಕತೆ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 53 ಮಿಲಿಸೀಮೆನ್ಸ್. ಅದಕ್ಕಿಂತ ಬಹಳ ಬೇರೆಯಾದ ಅಂಕಿ ತೋರಿಸಿದರೆ ಮೀಟರನ್ನೇ ಸಂಶಯಿಸಬೇಕು.

ಆಮೇಲೆ ಭೌತನಿಯಮದ ಲೆಕ್ಕ. ನೀರು ಮೆಂಬ್ರೇನನ್ನು ದಾಟುವುದು ಒತ್ತಡದಿಂದ, ಉಪ್ಪು ದಾಟುವುದು ಎರಡು ಬದಿಯ ಉಪ್ಪಿನಂಶದ ಅಂತರದಿಂದ. ಬಿಸಿಲು ಇಳಿದು ಒತ್ತಡ ತಗ್ಗಿದಾಗ ನೀರು ದಾಟುವುದು ಕಡಿಮೆಯಾಗುತ್ತದೆ, ಉಪ್ಪು ಮಾತ್ರ ಹಿಂದಿನಷ್ಟೇ ದಾಟುತ್ತಿರುತ್ತದೆ. ಅಷ್ಟೇ ಉಪ್ಪು ಕಡಿಮೆ ನೀರಿಗೆ ಸೇರಿದ್ದರಿಂದ ಸಂಜೆಯ ನೀರು ನಡುಹಗಲ ನೀರಿಗಿಂತ ಉಪ್ಪಾಗಿರುತ್ತದೆ. ಘಟಕ ನಿಂತಿರುವ ರಾತ್ರಿಯಲ್ಲಂತೂ ನೀರು ದಾಟುವುದೇ ಇಲ್ಲ, ಉಪ್ಪು ಮೆಲ್ಲಗೆ ಜಿನುಗುತ್ತಲೇ ಇರುತ್ತದೆ. ಹಾಗಾಗಿ ಬೆಳಗ್ಗೆ ಶುರು ಮಾಡಿದ ಮೊದಲ ಕೆಲವು ನಿಮಿಷಗಳ ನೀರನ್ನು ಹೊರಗೆ ಬಿಡಲೇಬೇಕು.

ಇವೆಲ್ಲ ಕಳೆದ ಮೇಲೂ ಉಪ್ಪು ಹೆಚ್ಚಿದ್ದರೆ, ಅದು ಒಮ್ಮೆಲೇ ಹೆಚ್ಚಿತೇ, ದಿನೇ ದಿನೇ ಹೆಚ್ಚಿತೇ ಎಂದು ಲಾಗ್‌ಬುಕ್ಕನ್ನು ಕೇಳಿ. ನಿನ್ನೆ ಸರಿಯಿದ್ದು ಇಂದು ಎರಡು ಪಟ್ಟಾಗಿದ್ದರೆ ಎಲ್ಲೋ ಓ-ರಿಂಗ್ ಜಾರಿದೆ ಅಥವಾ ಮೆಂಬ್ರೇನಿನ ಅಂಟು ಬಿಟ್ಟಿದೆ. ವಾರಗಳ ಕಾಲ ಉಪ್ಪೂ ಏರುತ್ತಾ, ಅದರ ಜೊತೆಗೆ ಸಿಹಿನೀರಿನ ಪ್ರಮಾಣವೂ ಏರುತ್ತಾ ಬಂದಿದ್ದರೆ ಹಿಗ್ಗಬೇಡಿ. ಕ್ಲೋರಿನ್ ಮೆಂಬ್ರೇನಿನ ಪಾಲಿಅಮೈಡ್ ಪದರವನ್ನು ತಿನ್ನುತ್ತಿದೆ. ಇನ್‌ಟೇಕ್ (ಕಡಲನೀರನ್ನು ಎಳೆಯುವ ಬಾಯಿ) ಶುದ್ಧಿಗೆಂದು ಹಾಕಿದ ಕ್ಲೋರಿನ್ ಮೆಂಬ್ರೇನ್ ಮುಟ್ಟುವ ಹೊತ್ತಿಗೆ ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, ಇಲ್ಲದಿರುವುದೇ ಲೇಸು. ಅದನ್ನು ಅಳಿಸಲು ಹಾಕುವ ಸೋಡಿಯಂ ಮೆಟಾಬೈಸಲ್ಫೈಟ್ ಸಿದ್ಧಾಂತದ ಲೆಕ್ಕದಲ್ಲಿ ಒಂದು ಮಿಲಿಗ್ರಾಂ ಕ್ಲೋರಿನ್‌ಗೆ 1.34 ಮಿಲಿಗ್ರಾಂ ಸಾಕಾದರೂ ರೂಢಿಯಲ್ಲಿ 3 ಮಿಲಿಗ್ರಾಂ ಹಾಕುತ್ತಾರೆ. ಈ ರಾಸಾಯನಿಕ ಹಾಕುವ ಡೋಸಿಂಗ್ ಪಂಪ್ ಮೋಡದ ಹೊತ್ತಿನಲ್ಲಿ ನಿಂತು ಮುಖ್ಯ ಪಂಪ್ ನಡೆಯುತ್ತಿರುತ್ತದೆಯೇ ಎಂಬುದನ್ನು ಸೌರ ಘಟಕದಲ್ಲಿ ವಿಶೇಷವಾಗಿ ನೋಡಬೇಕು. ಕ್ಲೋರಿನ್ ತಿಂದ ಮೆಂಬ್ರೇನಿಗೆ ಔಷಧವಿಲ್ಲ, ಬದಲಿಸಬೇಕು, ಆದರೆ ಕಾರಣ ಸರಿಪಡಿಸುವ ತನಕ ಬದಲಿಸಿ ಫಲವಿಲ್ಲ.

ಒಮ್ಮೆಲೇ ಹೆಚ್ಚಿದ ಉಪ್ಪಿನ ಜಾಗ ಹಿಡಿಯಲು ಒಳ್ಳೆಯ ಉಪಾಯವಿದೆ. ಮೊದಲು ಪ್ರತಿ ವೆಸೆಲ್ಲಿನ (ಮೆಂಬ್ರೇನ್‌ಗಳನ್ನು ಸಾಲಾಗಿ ಕೂರಿಸಿದ ಒತ್ತಡದ ಕೊಳವೆಯ) ಸಿಹಿನೀರನ್ನು ಬೇರೆಯಾಗಿ ಅಳೆದು ಯಾವ ವೆಸೆಲ್ ಎಂದು ಗುರುತಿಸಬೇಕು. ನಂತರ ಆ ವೆಸೆಲ್ಲಿನ ಸಿಹಿನೀರಿನ ನಡುಗೊಳವೆಯೊಳಗೆ ತೆಳುವಾದ ಪ್ಲಾಸ್ಟಿಕ್ ಟ್ಯೂಬನ್ನು ತುದಿಯವರೆಗೆ ತೂರಿಸಿ, ಘಟಕವನ್ನು ನಡೆಸುತ್ತಾ, ಟ್ಯೂಬನ್ನು ಗೇಣು ಗೇಣು ಹಿಂದಕ್ಕೆ ಎಳೆದು ಪ್ರತಿ ಜಾಗದಲ್ಲೂ ಬರುವ ನೀರಿನ ವಾಹಕತೆಯನ್ನು ಬರೆಯಬೇಕು. ಅಂಕಿ ಮೆಲ್ಲಗೆ ಏರುತ್ತಾ ಬರುವುದು ಸಹಜ. ಎರಡು ಮೆಂಬ್ರೇನ್ ಸೇರುವ ಜಾಗದಲ್ಲಿ ಥಟ್ಟನೆ ಏರಿದರೆ ಅಲ್ಲಿನ ಓ-ರಿಂಗ್. ಒಂದು ಮೆಂಬ್ರೇನಿನ ನಡುವೆ ಏರಿದರೆ ಆ ಮೆಂಬ್ರೇನೇ ಹರಿದಿದೆ. ನಾಲ್ಕು ಮೆಂಬ್ರೇನ್ ಹೊರತೆಗೆಯುವ ಬದಲು ಒಂದು ಓ-ರಿಂಗ್ ಬದಲಿಸಿ ಮುಗಿಸಬಹುದಾದ ಕೆಲಸ ಇದು. ಹೊಸ ಓ-ರಿಂಗಿಗೆ ಗ್ಲಿಸರಿನ್ ಹಚ್ಚಿ, ಪೆಟ್ರೋಲಿಯಂ ಗ್ರೀಸ್ ಹಚ್ಚಬೇಡಿ.

ಮೆಂಬ್ರೇನಿನ ಅಂಟು ಬಿಟ್ಟಿದ್ದರೆ ಅದಕ್ಕೆ ಕಾರಣ ಬಹಳ ಸಲ ತೊಟ್ಟಿಯಲ್ಲಿರುತ್ತದೆ. ಸಿಹಿನೀರಿನ ತೊಟ್ಟಿ ತುಂಬಿದಾಗ ಫ್ಲೋಟ್ ವಾಲ್ವ್ ಮುಚ್ಚಿಕೊಂಡು, ಹೋಗಲು ದಾರಿಯಿಲ್ಲದ ಸಿಹಿನೀರು ಹಿಂದಕ್ಕೆ ಒತ್ತಡ ಕೊಡುತ್ತದೆ. ಅದೇ ಕ್ಷಣದಲ್ಲಿ ಪಂಪ್ ನಿಂತರೆ ಸಿಹಿನೀರಿನ ಬದಿಯ ಒತ್ತಡ ಉಪ್ಪುನೀರಿನ ಬದಿಯದನ್ನು ಮೀರುತ್ತದೆ. ಈ ಹಿಮ್ಮುಖ ಒತ್ತಡ 0.3 ಬಾರ್ ದಾಟಿದರೂ ಪದರಗಳು ಬಿಡಬಹುದು. ಸಿಹಿನೀರಿನ ಕೊಳವೆಯ ಮೇಲೆ ಮುಚ್ಚುವ ವಾಲ್ವ್ ಇರಲೇಬಾರದು. ತೊಟ್ಟಿ ತುಂಬಿದಾಗ ಫ್ಲೋಟ್ ಸ್ವಿಚ್ ಪಂಪನ್ನು ನಿಲ್ಲಿಸಬೇಕು, ಹೆಚ್ಚಿನ ನೀರು ತುಂಬಿ ಹರಿಯಲು ದಾರಿಯಿರಬೇಕು.

ತೊಳೆಯುವುದಾದರೆ

ನೀರು ಶೇ 10ರಷ್ಟು ಇಳಿದಾಗ ಅಥವಾ ಎರಡು ಬಾಯಿಗಳ ಒತ್ತಡದ ವ್ಯತ್ಯಾಸ ಶೇ 15ರಷ್ಟು ಏರಿದಾಗ ತೊಳೆಯಬೇಕು. ಅರ್ಧಕ್ಕೆ ಇಳಿಯುವವರೆಗೆ ಕಾಯ್ದರೆ ತೊಳೆದರೂ ಮರಳಿ ಬರುವುದಿಲ್ಲ. ಲೋಳೆ ಮತ್ತು ಜೈವಿಕ ಕೊಳೆಗೆ ಕ್ಷಾರ, ಲೋಹ ಮತ್ತು ಸುಣ್ಣಕ್ಕೆ ಆಮ್ಲ. ಎರಡೂ ಬೇಕಾದಾಗ ಕ್ಷಾರ ಮೊದಲು, ಏಕೆಂದರೆ ಆಮ್ಲ ಮೊದಲು ತಾಗಿದರೆ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕ್ಷಾರದ ಪಿಎಚ್ 11ರಿಂದ 12, ಆಮ್ಲದ್ದು 2ರ ಸುಮಾರು, ದ್ರಾವಣದ ತಾಪಮಾನ 35 ಡಿಗ್ರಿಯೊಳಗೆ, ಕರಗಿಸಲು ಸಿಹಿನೀರು ಮಾತ್ರ. ತಯಾರಕರ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ಬ್ಲೀಚಿಂಗ್ ಪುಡಿ ಹತ್ತಿರಕ್ಕೂ ಬರಬಾರದು. ಕೈಗೆ ಸಿಕ್ಕ ಮನೆಬಳಕೆಯ ಡಿಟರ್ಜೆಂಟೂ ಬೇಡ, ಕೆಲವು ಬಗೆಯವು ಮೆಂಬ್ರೇನಿಗೆ ಅಂಟಿಕೊಂಡು ಮತ್ತೆ ಬಿಡುವುದಿಲ್ಲ.

ನಿಂತ ಘಟಕ

ಸೌರ ಘಟಕ ಪ್ರತಿರಾತ್ರಿ ನಿಲ್ಲುತ್ತದೆ, ಮಳೆಗಾಲದಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ನಿಂತಾಗ ಮೆಂಬ್ರೇನಿನಲ್ಲಿ ಗಾಢ ಉಪ್ಪುನೀರು ಉಳಿದರೆ ಅಲ್ಲಿ ಲೋಳೆ ಬೆಳೆಯುತ್ತದೆ, ಸ್ಟೀಲ್ ಕೊರೆಯುತ್ತದೆ. ಸಂಜೆ ಬಿಸಿಲು ಪೂರ್ತಿ ಇಳಿಯುವ ಮುನ್ನವೇ ಘಟಕವನ್ನು ನಿಲ್ಲಿಸಿ, ಉಳಿದ ವಿದ್ಯುತ್ತಿನಲ್ಲಿ ಕ್ಲೋರಿನ್ ಹಾಕದ ಸಿಹಿನೀರನ್ನು ಕಡಿಮೆ ಒತ್ತಡದಲ್ಲಿ ಹಾಯಿಸುವುದು ಇದಕ್ಕೆ ಪರಿಹಾರ. ಸಂಜೆಯ ಈ ಹಾಯಿಸುವಿಕೆ ತಪ್ಪುತ್ತಿದ್ದರೆ ಅದರ ಗುರುತು ಲಾಗ್‌ಬುಕ್ಕಿನಲ್ಲಿ ಕಾಣುತ್ತದೆ: ಒತ್ತಡದ ವ್ಯತ್ಯಾಸ ಮೋಡದ ವಾರಗಳ ನಂತರ ಮೆಟ್ಟಿಲು ಮೆಟ್ಟಿಲಾಗಿ ಏರಿರುತ್ತದೆ. ಘಟಕವನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಶೇ 1ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣವನ್ನು ತುಂಬಿ ಗಾಳಿಯಾಡದಂತೆ ಮುಚ್ಚಬೇಕು. ಅದರ ಪಿಎಚ್ ವಾರಕ್ಕೊಮ್ಮೆ ನೋಡಿ, 3ಕ್ಕೆ ಇಳಿದಿದ್ದರೆ ದ್ರಾವಣ ಬದಲಿಸಬೇಕು.

ಯಂತ್ರದ ಬಾಯಲ್ಲಿ ಸರಿ, ತೊಟ್ಟಿಯಲ್ಲಿ ತಪ್ಪು

ಘಟಕದ ಬಾಯಲ್ಲಿ ಅಳೆದ ನೀರು ಚೆನ್ನಾಗಿದ್ದು ಜನರ ದೂರು ನಿಲ್ಲದಿದ್ದರೆ ತೊಟ್ಟಿ ಮತ್ತು ಕೊಳವೆಗಳತ್ತ ಹೋಗಬೇಕು. ಆರ್‌ಓ ಸಿಹಿನೀರಿನಲ್ಲಿ ಖನಿಜ ಕಡಿಮೆ ಇರುವುದರಿಂದ ಅದು ಕಬ್ಬಿಣದ ಕೊಳವೆಯನ್ನೂ ಸಿಮೆಂಟ್ ತೊಟ್ಟಿಯನ್ನೂ ಕರಗಿಸುತ್ತದೆ. ನಲ್ಲಿಯಲ್ಲಿ ಕೆಂಪುನೀರು ಬಂದರೆ ದೋಷ ಮೆಂಬ್ರೇನಿನದಲ್ಲ, ನೀರಿಗೆ ಖನಿಜ ಸೇರಿಸುವ ಕ್ಯಾಲ್ಸೈಟ್ ಕಲ್ಲುಪುಡಿಯ ಫಿಲ್ಟರ್ ಖಾಲಿಯಾಗಿದೆ ಅಥವಾ ಇಲ್ಲವೇ ಇಲ್ಲ. ವಾಸನೆಯ ದೂರಿದ್ದರೆ ತೊಟ್ಟಿಯ ಮುಚ್ಚಳ ಮತ್ತು ಅದರಲ್ಲಿ ಉಳಿದಿರುವ ಕ್ಲೋರಿನ್ ನೋಡಿ.

ರುಚಿಯ ದೂರಿಗೆ ಮಾತ್ರ ಅಳತೆ ಬೇಕು. ಕರಗಿದ ಘನಾಂಶ ಲೀಟರಿಗೆ 600 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನೀರು ರುಚಿಯಾಗಿರುತ್ತದೆಂದೂ 1000 ದಾಟಿದರೆ ಕುಡಿಯಲು ಹಿತವಾಗದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೊಟ್ಟಿಯ ನೀರಿನ ಅಂಕಿ ಯಂತ್ರದ ಬಾಯಿಯ ಅಂಕಿಗಿಂತ ಯಾವಾಗಲೂ ಹೆಚ್ಚಿದ್ದರೆ ಬೆಳಗಿನ ಮೊದಲ ನೀರನ್ನು ಹೊರಗೆ ತಿರುಗಿಸಬೇಕಾದ ವಾಲ್ವನ್ನು ನೋಡಿ. ಅದರ ಕಾಯಿಲ್ ಸುಟ್ಟು ವಾಲ್ವ್ ಒಂದೇ ಸ್ಥಾನದಲ್ಲಿ ಸಿಕ್ಕಿಕೊಂಡಿರಬಹುದು. ಬಿಸಿಲು ಹೊಯ್ದಾಡುವ ದಿನಗಳಲ್ಲಿ ಘಟಕ ಹತ್ತು ಸಲ ಎದ್ದರೆ ಹತ್ತು ಸಲವೂ ಆ ಉಪ್ಪುನೀರು ತೊಟ್ಟಿಗೇ ಬಿದ್ದಿರುತ್ತದೆ, ಮಧ್ಯಾಹ್ನ ಬಂದು ಯಂತ್ರದ ಬಾಯಲ್ಲಿ ಅಳೆದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಪರೀಕ್ಷೆ ಸುಲಭ: ಬೆಳಗ್ಗೆ ಘಟಕ ಏಳುವಾಗ ತೊಟ್ಟಿಯ ಬಾಯಿಗೇ ಮೀಟರ್ ಹಿಡಿದು ಮೊದಲ ಐದು ನಿಮಿಷ ನಿಲ್ಲಬೇಕು.